ಟಾಲಿಸ್ ‘ಸದರ್ನ್ ಇಂಡಿಯಾ’ ನಕ್ಷೆ ಫ್ರೇಮಿನೊಳಗೆ ಅಲೆ ಅಲೆಯಾಗಿ ಏಳುತ್ತಿದೆ, ಸಹಾಯ ಬೇಕು

ಕಡಲನಕ್ಷೆ:
ಲಂಡನ್ನಿನ ನಕ್ಷೆ ಪ್ರಕಾಶಕ ಜಾನ್ ಟಾಲಿಸ್ ಕಂಪನಿಯ 1851ರ ಅಟ್ಲಾಸಿನ ಹಾಳೆ, ರ‍್ಯಾಪ್ಕಿನ್ ಕೆತ್ತನೆಯದು. ಫ್ರೇಮ್ ಹಾಕಿಸಿದಾಗ ಚಪ್ಪಟೆಯಾಗೇ ಇತ್ತು. ಮಳೆ ಹಿಡಿದದ್ದೇ ತಡ, ಉಬ್ಬಿ ಬಲಗಡೆ ಗಾಜಿಗೆ ತಾಗುತ್ತಿದೆ. ಬಿಚ್ಚಿಸಿ ಮತ್ತೆ ಹಾಕಿಸಿದರೂ ಅದೇ ಗೋಳು. ಜೊತೆಗೆ ಸುತ್ತಲೂ ಟೀ ಬಣ್ಣದ ಸಣ್ಣ ಗೆರೆ ಬೇರೆ. ಗಾಜು ಹೊಸದು, ಮೌಂಟ್ (ಹಾಳೆ ಕಾಣಲು ಕಿಟಕಿ ಕತ್ತರಿಸಿದ ರಟ್ಟು) ಹೊಸದು. ಇನ್ನೇನು ಮಾಡಬೇಕು ಹೇಳಿ, ಸಾಕಾಗಿ ಹೋಗಿದೆ.

ಹಾಳೆಪೆಟ್ಟಿಗೆ:
ತೇವ ಸರ್, ಬೇರೇನೂ ಅಲ್ಲ. ಫ್ರೇಮಿನ ಹಿಂಬದಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಅಂಚುರೇಖೆ:
ಗೆರೆ ಇದೆ ಅಂದಮೇಲೆ ಮೌಂಟ್ ಬೋರ್ಡಿನ ಆಮ್ಲ. ಕಿಟಕಿ ಕತ್ತರಿಸಿದ ಅಂಚಿನಿಂದ ಆಮ್ಲ ಕಾಗದಕ್ಕೆ ಇಳಿದು ಸುಡುತ್ತೆ. ಆ ಮೌಂಟ್ ಮೊದಲು ಎಸೆಯಿರಿ.

ಕಡಲನಕ್ಷೆ:
ಜೆಲ್ ಹಾಕಿ ನೋಡಿಯಾಯ್ತು. ಪೊಟ್ಟಣದ ಉಬ್ಬೇ ಹಾಳೆಯ ಮೇಲೆ ಕಾಣತೊಡಗಿತು.

ಹಾಳೆಪೆಟ್ಟಿಗೆ:
ಹಾಗಾದರೆ ಪ್ರಮಾಣ ಸಾಲದು. ಬಣ್ಣ ಬದಲಿಸುವ ಜೆಲ್ ತಗೊಳ್ಳಿ, ಬಣ್ಣ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಹಾಕಿ.

ಅಂಚುರೇಖೆ:
ಕರಾವಳಿಯ ಮಳೆಗಾಲಕ್ಕೆ ಪೊಟ್ಟಣ ಯಾವ ಮೂಲೆಗೆ? ಫ್ರೇಮ್ ಗಾಳಿಯಾಡುವ ಪೆಟ್ಟಿಗೆ, ಎಷ್ಟು ಹೀರಿದರೂ ಹೊರಗಿಂದ ಬರುತ್ತಲೇ ಇರುತ್ತೆ. ಅದಿರಲಿ, ಫೋಟೋದಲ್ಲಿ ಅಂಚಿನ ಚಿತ್ರಗಳಿಗೂ ಬಣ್ಣ ಕಾಣ್ತಿದೆ. ಟಾಲಿಸ್ ಹಾಳೆಗಳಲ್ಲಿ ಸಾಮಾನ್ಯವಾಗಿ ಗಡಿರೇಖೆಗೆ ಮಾತ್ರ ಕೈಬಣ್ಣ, ಚಿತ್ರಗಳು ಕಪ್ಪು-ಬಿಳುಪು. ಇದು ಆಮೇಲೆ ಯಾರೋ ಬಳಿದದ್ದು.

ಹಾಳೆಪೆಟ್ಟಿಗೆ:
ಪೂರ್ತಿ ಬಣ್ಣದವೂ ಇವೆ. ಫೋಟೋ ನೋಡಿ ತೀರ್ಪು ಕೊಡಬೇಡಿ.

ಅಂಚುರೇಖೆ:
ಹಾಳೆಯನ್ನು ಬೆಳಕಿಗೆ ಹಿಡಿಯಲಿ, ಗೊತ್ತಾಗುತ್ತೆ. ಹಳೇ ಬಣ್ಣ ನಾರಿನೊಳಗೆ ಇಳಿದಿರುತ್ತೆ, ಹಸಿರು ಇದ್ದರೆ ಹಿಂಬದಿಗೂ ಕಂದು ಛಾಯೆ ಬಿಟ್ಟಿರಬಹುದು. ಹೊಸ ಬಣ್ಣ ಮೇಲೇ ಕೂತು ಹೊಳೆಯುತ್ತೆ.

ಗೋಧಿಗಂಜಿ:
ಬಣ್ಣದ ವಾದ ಆಮೇಲೆ. ಹಾಳೆಯನ್ನು ಹಿಂಬದಿಗೆ ಹೇಗೆ ಕೂರಿಸಿದ್ದಾರೆ? ಹಿಂದೆ ಏನಿದೆ? ಫ್ರೇಮ್ ಯಾವ ಗೋಡೆಯ ಮೇಲಿದೆ? ಗೆರೆ ಈಗಿನ ಕಿಟಕಿಯ ಅಂಚಿಗೆ ಸರಿಯಾಗಿ ಕೂರುತ್ತಾ, ಇಲ್ಲ ಒಳಗೆ ಸರಿದಿದೆಯಾ?

ಕಡಲನಕ್ಷೆ:
ಎಲ್ಲರೂ ಹಾಕೋ ಹಾಗೇ, ಹಾರ್ಡ್‌ಬೋರ್ಡಿಗೆ ನಾಲ್ಕೂ ಅಂಚು ಬಡಗಿಗಳ ಬಿಳಿ ಅಂಟಿನಲ್ಲಿ ಅಂಟಿಸಿದ್ದಾರೆ. ಪಡುವಣದ ಹೊರಗೋಡೆ. ಗೆರೆ ಕಿಟಕಿಯ ಅಂಚಿಗಿಂತ ಅರ್ಧ ಬೆರಳು ಒಳಗಿದೆ.

ಗೋಧಿಗಂಜಿ:
ಇದನ್ನು ಮೊದಲೇ ಬರೆದಿದ್ದರೆ ಜೆಲ್ ಖರ್ಚು ಉಳಿಯುತ್ತಿತ್ತು. ಗೆರೆ ಹಿಂದಿನ ಯಾವುದೋ ಮೌಂಟಿನದು, ಹಳೆಯ ಕಲೆ. ಅಲೆಗೂ ಅದಕ್ಕೂ ಸಂಬಂಧವಿಲ್ಲ.

ತೇವ ಏರಿದಾಗ ಕಾಗದ ಹಿಗ್ಗುತ್ತೆ, ಅದೂ ನಾರಿನ ಅಡ್ಡದಿಕ್ಕಿಗೆ ಹೆಚ್ಚು. ನಾಲ್ಕೂ ಕಡೆ ಅಂಟಿಸಿದರೆ ಹಿಗ್ಗಲು ಜಾಗವಿಲ್ಲ, ನಡುಭಾಗ ಮೇಲೇಳುತ್ತೆ. ಹಾರ್ಡ್‌ಬೋರ್ಡ್ ತಾನೇ ತೇವ ಹೀರಿ ಬಾಗುತ್ತೆ, ಆಮ್ಲವನ್ನೂ ಬಿಡುತ್ತೆ. ಮಳೆ ಬಡಿಯುವ ಗೋಡೆಯಿಂದ ಫ್ರೇಮನ್ನು ಇವತ್ತೇ ಇಳಿಸಿ ಒಳಗೋಡೆಗೆ ಹಾಕಿ, ಕೆಳ ಮೂಲೆಗಳಿಗೆ ಕಾರ್ಕ್ ಬಿಲ್ಲೆ ಅಂಟಿಸಿ ಹಿಂದೆ ಗಾಳಿಯಾಡಲು ಬಿಡಿ.

ಬಿಡಿಸುವಾಗ ಚಪ್ಪಟೆ ಪ್ಯಾಲೆಟ್ ನೈಫನ್ನು (ಚಿತ್ರಕಾರರು ಬಣ್ಣ ಕಲೆಸುವ ಮೊಂಡು ಚಾಕು) ಬೋರ್ಡಿಗೆ ಒತ್ತಿ ಹಿಡಿದು ತೂರಿಸಿ. ಅಲಗು ಬೋರ್ಡನ್ನು ಕೆರೆದರೆ ಚಿಂತೆಯಿಲ್ಲ, ಕಾಗದವನ್ನು ಕೆರೆಯಬಾರದು. ಎಳೆಯಲೇಬೇಡಿ, ಹಾಳೆ ಪದರವಾಗಿ ಸೀಳುತ್ತೆ. ಬಿಳಿ ಅಂಟು ಒಣಗಿದ ಮೇಲೆ ನೀರಿಗೆ ಕರಗಲ್ಲ, ಬಿಸಿ ತೇವಕ್ಕೆ ಮೆತ್ತಗಾಗುತ್ತೆ ಅಷ್ಟೇ. ಆದರೆ ತೇವ ತಾಗಿಸುವ ಮೊದಲು ಪರೀಕ್ಷೆ ಮಾಡಿ: ಬಣ್ಣದ ಒಂದು ಮೂಲೆಗೆ ಸೂಜಿಮೊನೆಯಷ್ಟು ನೀರು ಇಟ್ಟು, ಅರ್ಧ ನಿಮಿಷ ಬಿಟ್ಟು, ಬ್ಲಾಟಿಂಗ್ ಪೇಪರ್ ಒತ್ತಿ. ಪೇಪರಿಗೆ ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಿ. ಪ್ರತಿ ಬಣ್ಣಕ್ಕೂ ಬೇರೆ ಬೇರೆ ನೋಡಬೇಕು. ಕೆತ್ತನೆಯ ಕಪ್ಪು ಎಣ್ಣೆ ಶಾಯಿ, ಅದು ಅಲ್ಲಾಡಲ್ಲ, ಅದನ್ನು ನಂಬಿ ಮೋಸಹೋಗಬೇಡಿ. ಅಂಚುರೇಖೆಯವರ ಅನುಮಾನ ಇಲ್ಲಿ ಉಪಯೋಗಕ್ಕೆ ಬರುತ್ತೆ: ಆಮೇಲೆ ಬಳಿದ ಬಣ್ಣ ಬೇಗ ಹರಿಯಬಹುದು.

ಮತ್ತೆ ಕೂರಿಸಲು ಜಪಾನಿ ಟಿಶ್ಯೂ (ತೆಳುವಾದರೂ ಗಟ್ಟಿಯಾದ ಉದ್ದ ನಾರಿನ ಕಾಗದ) ಮತ್ತು ಗೋಧಿ ಪಿಷ್ಟದ ಅಂಟು. ಮೈದಾ ಬೇಡ. ಪಿಷ್ಟ ಒಂದು ಪಾಲು, ನೀರು ಐದು ಪಾಲು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಿರುವುತ್ತಲೇ ಇರಿ, ಆರಿದ ಮೇಲೆ ಜರಡಿಯಲ್ಲಿ ಎರಡು ಸಲ ಒತ್ತಿ ಇಳಿಸಿ. ಟಿಶ್ಯೂವನ್ನು ಕತ್ತರಿಸದೆ ಹರಿಯಿರಿ, ಅಂಚಿನ ನಾರು ಮೃದುವಾಗಿ ಬೆರೆಯುತ್ತೆ. ಮೇಲಂಚಿಗೆ ಮಾತ್ರ ಎರಡು ಟಿಶ್ಯೂ ಪಟ್ಟಿ, ಉಳಿದ ಮೂರು ಕಡೆ ಹಾಳೆ ತೂಗಲಿ. ಹಿಂದೆ ಹತ್ತಿಯ ಆಸಿಡ್-ಫ್ರೀ ಬೋರ್ಡ್, ಗಾಜಿಗೂ ಹಾಳೆಗೂ ಕನಿಷ್ಠ 3 ಮಿ.ಮೀ. ಅಂತರ.

ಹಾಳೆಪೆಟ್ಟಿಗೆ:
ನನ್ನ ಹಾಳೆಗಳೆಲ್ಲ ಉಕ್ಕಿನ ಪ್ಲಾನ್ ಡ್ರಾಯರಿನಲ್ಲಿವೆ, ಕೋಣೆಗೆ ತೇವ ತೆಗೆಯುವ ಯಂತ್ರ (ಡಿಹ್ಯುಮಿಡಿಫೈಯರ್), ಆರ್ದ್ರತೆ ಶೇ. 50ರ ಆಸುಪಾಸು. ಗೋಡೆಗೆ ಹಾಕೋದು ಒಳ್ಳೆ ನಕಲು ಮುದ್ರಣ ಮಾತ್ರ. ಇದೇ ಸರಿಯಾದ ದಾರಿ.

ನಕಾಶೆಪ್ರಿಯ:
ಇಲ್ಲೇ ಕೇಳ್ತೀನಿ. ‘ದ ಗ್ರಾಫಿಕ್’ ಪತ್ರಿಕೆಯ 1886ರ ಇಂಪೀರಿಯಲ್ ಫೆಡರೇಶನ್ ನಕ್ಷೆ, ಭೂಗೋಳವನ್ನೇ ಸಿಂಹಾಸನ ಮಾಡಿಕೊಂಡು ಕೂತ ಬ್ರಿಟಾನಿಯಾ (ಬ್ರಿಟನ್ನನ್ನು ಸಂಕೇತಿಸುವ ಹೆಣ್ಣು) ಇರೋದು. ಮಡಿಕೆಯ ಗೆರೆ ಇಸ್ತ್ರಿ ಹಾಕಿ ತೆಗೆಯಬಹುದಾ?

ಗೋಧಿಗಂಜಿ:
ಇಸ್ತ್ರಿ ಬೇಡವೇ ಬೇಡ. ಆ ನಕ್ಷೆ ಪತ್ರಿಕೆಯೊಳಗೆ ಮಡಿಚಿ ಬಂದ ಪುರವಣಿ, ಮಡಿಕೆ ಇರಲೇಬೇಕು. ಮಡಿಕೆಯೇ ಇಲ್ಲದ ‘ಮೂಲ ಪ್ರತಿ’ ಮಾರಲು ಬಂದರೆ ಮೊದಲು ಅನುಮಾನಪಡಿ. ಇದು ಬೇರೆ ವಿಷಯ, ಬೇರೆ ಎಳೆ ತೆರೆಯಿರಿ, ಅಲ್ಲಿ ಬರೀತೀನಿ.

ಕಡಲನಕ್ಷೆ:
ಮೂರು ಅಂಚು ಬಿಡಿಸಿದೆ. ಎಡ ಅಂಚಿನಲ್ಲಿ ಅಂಟು ಚಿತ್ರದ ಚೌಕಟ್ಟಿನವರೆಗೂ ಹರಡಿದೆ. ನೀರಿನ ಪರೀಕ್ಷೆಗೆ ಗುಲಾಬಿ ಬಣ್ಣ ಬ್ಲಾಟಿಂಗಿಗೆ ಇಳಿಯಿತು, ಹಳದಿ ಇಳಿಯಲಿಲ್ಲ.

ಗೋಧಿಗಂಜಿ:
ಹಾಗಿದ್ದರೆ ಎಡ ಅಂಚಿಗೆ ತೇವ ಮುಟ್ಟಿಸಬೇಡಿ. ಹಾರ್ಡ್‌ಬೋರ್ಡನ್ನು ಎಡ ಅಂಚು ಅಂಟಿರುವ ಪಟ್ಟಿಯಷ್ಟು ಬಿಟ್ಟು ಉಳಿದದ್ದನ್ನು ಗರಗಸದಲ್ಲಿ ಕೊಯ್ದು ತೆಗೆಯಿರಿ. ಕೊಯ್ಯುವಾಗ ಬಿಡಿಸಿದ ಹಾಳೆಯನ್ನು ಮೇಲಕ್ಕೆ ಸುರುಳಿ ಮಾಡಿ ಬ್ಲಾಟಿಂಗ್ ಪೇಪರಿನಲ್ಲಿ ಸುತ್ತಿಡಿ, ಇಬ್ಬರು ಬೇಕು. ಪಟ್ಟಿ ಸಮೇತ ಚಪ್ಪಟೆಯಾಗಿ ಎರಡು ಬೋರ್ಡುಗಳ ನಡುವೆ ಇಟ್ಟು ಬೆಂಗಳೂರಿನ ಇಂಟ್ಯಾಕ್ (ಪರಂಪರೆ ಉಳಿಸುವ ರಾಷ್ಟ್ರೀಯ ಸಂಸ್ಥೆ) ಸಂರಕ್ಷಣಾ ಕೇಂದ್ರಕ್ಕೆ ಒಯ್ಯಿರಿ. ಆ ಗುಲಾಬಿ ಯಾವುದು ಅಂತ ಅವರಿಗೆ ಮೊದಲೇ ತೋರಿಸಿ.