ಅಂಗೈಯ ಲಿಂಗದ ಮುಂದೆ ಸುಮ್ಮನೆ ಕುಳಿತರೂ ಎದುರಿಗೆ ಯಾರೂ ಇಲ್ಲವೆನಿಸುತ್ತದೆ

ಪ್ರಶ್ನೆ:
ಎಲ್ಲರಿಗೂ ಶರಣು ಶರಣಾರ್ಥಿ. ಎಂಟನೆಯ ವಯಸ್ಸಿನಲ್ಲಿ ಲಿಂಗದೀಕ್ಷೆಯಾದಂದಿನಿಂದ ಇಷ್ಟಲಿಂಗ ಪೂಜೆಯನ್ನು ತಪ್ಪಿಸಿದವನಲ್ಲ. ಆದರೆ ವಿಭೂತಿ, ನೀರು, ಪತ್ರೆ, ಮಂತ್ರ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿದು, ಲಿಂಗ ಕೊರಳಲ್ಲಿ ಧರಿಸುವ ಪುಟ್ಟ ಸಂಪುಟವಾದ ಕರಡಿಗೆಯೊಳಗೆ ಸೇರುವಷ್ಟರಲ್ಲಿ ಕಚೇರಿಯ ಚಿಂತೆ ಹತ್ತಿಕೊಂಡಿರುತ್ತದೆ. ಕಳೆದ ವರ್ಷ ಅವ್ವ ತೀರಿಕೊಂಡಳು. ಲಿಂಗವನ್ನು ಕೈಗೆ ತೆಗೆದುಕೊಂಡಾಗ ಅವಳು ಬಹಳ ಹತ್ತಿರದವರೊಡನೆ ಮಾತಾಡುವಂತೆ ತುಟಿ ಅಲುಗಿಸುತ್ತಿದ್ದುದು ನೆನಪಾಗಿ, ಮಂತ್ರವನ್ನೂ ನಿಲ್ಲಿಸಿ ಕೆಲವು ದಿನ ಮೌನವಾಗಿ ಕುಳಿತೆ. ದೊರೆತದ್ದು ಬರಿದುತನ ಮಾತ್ರ. ದೇವರು ನನ್ನವನು ಎಂಬ ಭಾವ ಮೂಡುವುದು ಹೇಗೆ?

ಉತ್ತರ 1:
ನೀವು ಮೌನಕ್ಕೆ ಕುಳಿತಿರಿ, ಆದರೆ ಏನಾದರೂ ಸಿಗಲೆಂದು ಕಾಯುತ್ತ ಕುಳಿತಿರಿ ಎಂದು ನನಗೆ ತೋರುತ್ತದೆ. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ, ಹಣತೆಯನ್ನು ಪಕ್ಕಕ್ಕೆ ಸರಿಸಿದರೆ ಅದರ ಕಪ್ಪು ಮೈಯ ಮೇಲೆ ಸಾಸಿವೆಯಷ್ಟು ಬೆಳಕು ನಿಲ್ಲುತ್ತದೆ. ಕೈ ನಡುಗಿದರೆ ಅದೂ ನಡುಗುತ್ತದೆ, ಉಸಿರು ತಗ್ಗಿದಂತೆ ಅದೂ ನಿಲ್ಲುತ್ತದೆ. ನಾನು ಮೊದಲ ಹಲವು ತಿಂಗಳು ಕಂಡದ್ದು ಇಷ್ಟೇ. ತೋಳು ಸೋಲುತ್ತಿತ್ತು, ಮನಸ್ಸು ಹತ್ತು ಊರು ಸುತ್ತಿ ಬರುತ್ತಿತ್ತು, ಬಂದಾಗಲೆಲ್ಲ ಆ ಚುಕ್ಕೆ ಅಲ್ಲಿಯೇ ಇರುತ್ತಿತ್ತು. ನಾನು ಹೋಗಿ ಬಂದರೂ ಎದುರಿನದು ಹೋಗಿರಲಿಲ್ಲ ಎಂಬುದು ಒಂದು ದಿನ ಹೊಳೆದಾಗ ಕಣ್ಣು ತುಂಬಿತು. ಪಾತಾಳದಿಂದತ್ತ ಚರಣ, ಬ್ರಹ್ಮಾಂಡದಿಂದತ್ತ ಮಕುಟವಿರುವವನು ತನ್ನ ಕರಸ್ಥಲಕ್ಕೆ, ಅಂದರೆ ಅಂಗೈಗೆ, ಬಂದು ಚುಳುಕಾದನೆಂದು, ಪುಟ್ಟದಾದನೆಂದು, ಬಸವಣ್ಣನವರು ಬೆರಗಾಗುವುದು ಆ ಬಳಿಕವೇ ನನಗೆ ಅರ್ಥವಾಯಿತು. ಗುಡಿಯ ದೇವರನ್ನು ನೋಡಲು ನಾವು ಹೋಗಬೇಕು, ಇಷ್ಟಲಿಂಗವಾದರೋ ನಿದ್ದೆಯಲ್ಲಿಯೂ ನಮ್ಮ ಎದೆಯ ಮೇಲಿರುತ್ತದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮೌನವೆಂದರೆ ದುಃಖವನ್ನು ಅದುಮಿಡುವುದಲ್ಲ. ಅಕ್ಕಮಹಾದೇವಿ ಗಿಳಿಯನ್ನೂ ಕೋಗಿಲೆಯನ್ನೂ ತಡೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದವಳು. ಅವನು ಕಾಣದಿರುವುದೇ ಅಲ್ಲಿ ಸಂಬಂಧದ ಗುರುತು. ಅಪರಿಚಿತರಿಗಾಗಿ ಯಾರೂ ಹಾಗೆ ಹಂಬಲಿಸುವುದಿಲ್ಲ. ‘ಶರಣ ಸತಿ, ಲಿಂಗ ಪತಿ’ ಎಂಬ ನಂಟಿನಲ್ಲಿ ಮುನಿಸಿಗೂ ದೂರಿಗೂ ಎಡೆಯಿದೆ. ನಿಮ್ಮ ಬರಿದುತನ ಅವ್ವನನ್ನು ಕಳೆದುಕೊಂಡ ಜಾಗವೇ ಇರಬಹುದು. ಅದನ್ನು ಮುಚ್ಚದೆ ಲಿಂಗದ ಮುಂದೆ ಹಾಗೆಯೇ ಇಡಿ, ಅಳು ಬಂದರೆ ತಡೆಯಬೇಡಿ. ಮಂತ್ರವನ್ನು ಬಿಡಬೇಕಾಗಿಯೂ ಇಲ್ಲ. ನಿಧಾನವಾಗಿ ಹೇಳಿಕೊಂಡರೆ ಅದು ತಾನಾಗಿಯೇ ಉಸಿರಿಗಿಳಿಯುತ್ತದೆ.

ಉತ್ತರ 3:
ಒಂದು ಮಾತು ಸೇರಿಸಬೇಕೆನಿಸಿತು. ಪೂಜೆ ಮುಗಿದ ಮೇಲೆ ಲಿಂಗವನ್ನು ಒಳಗಿಟ್ಟು ದೇವರನ್ನೂ ಅಲ್ಲಿಯೇ ಬಿಟ್ಟು ಹೊರಟರೆ, ಮರುದಿನ ಮತ್ತೆ ಹೊಸಬರಾಗಿಯೇ ಕೂರಬೇಕಾಗುತ್ತದೆ. ಕಾಯಕವನ್ನು ಶರಣರು ಪೂಜೆಗಿಂತ ಕಡಿಮೆಯೆಂದು ಎಣಿಸಲಿಲ್ಲ. ಕಚೇರಿಯಲ್ಲಿ ಎದುರು ಬಂದವರ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿಸಿಕೊಳ್ಳಿ. ಬೆಳಗಿನ ಮೌನದಲ್ಲಿ ಕಲಿತದ್ದು ಅಲ್ಲಿಯೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಶರಣು. ಇಂದು ಬೆಳಿಗ್ಗೆ ಹಣತೆಯನ್ನು ಪಕ್ಕಕ್ಕಿಟ್ಟು ಕುಳಿತೆ. ಬೆಳಕಿನ ಚುಕ್ಕೆ ಕೈಯ ಜೊತೆಗೆ ಬಹಳ ಹೊತ್ತು ನಡುಗುತ್ತಲೇ ಇತ್ತು. ಅವ್ವ ಹೋದಳೆಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅದರ ಮುಂದೆ.