ಕೊಂಡ ಏಜೆನ್ಸಿಯನ್ನು ನಮ್ಮದರ ಜೊತೆ ಸೇರಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ದಾವಣಗೆರೆಯಲ್ಲಿ ನಮ್ಮದು ಔಷಧಿ ಹೋಲ್‌ಸೇಲ್ ವ್ಯಾಪಾರ. ಶಿವಮೊಗ್ಗದ ಒಂದು ಚಿಕ್ಕ ಏಜೆನ್ಸಿಯನ್ನು ಈಗಷ್ಟೇ ಕೊಂಡಿದ್ದೇವೆ. ಅಲ್ಲಿ 11 ಜನ ಕೆಲಸಕ್ಕಿದ್ದಾರೆ. ಬಿಲ್ಲಿಂಗ್, ಹೆಸರು, ಸಂಬಳ ಎಲ್ಲವನ್ನೂ ಮುಂದಿನ ತಿಂಗಳೇ ಒಂದು ಮಾಡೋಣ ಅಂತಿದ್ದೇವೆ. ಸರಿ ಆಗುತ್ತಾ?

ಉತ್ತರ 1
ಅಷ್ಟು ಅವಸರ ಬೇಡ ಸಾರ್. ನಾನು ಹುಬ್ಬಳ್ಳಿಯಲ್ಲಿ ಇದೇ ವ್ಯಾಪಾರದಲ್ಲಿದ್ದೇನೆ, ಹಾಗೆ ಮಾಡಿ ಪೆಟ್ಟು ತಿಂದಿದ್ದೇನೆ. ಗದಗದ ಏಜೆನ್ಸಿ ಕೊಂಡಾಗ ಮೊದಲ ವಾರವೇ ಅವರ ಸಾಫ್ಟ್‌ವೇರ್ ತೆಗೆಸಿ ನಮ್ಮದನ್ನು ಹಾಕಿಸಿದೆ. ಯಾವ ಮೆಡಿಕಲ್ ಸ್ಟೋರಿಗೆ ಎಷ್ಟು ದಿನ ಉದ್ರಿ, ಯಾರು ಸಂತೆ ಮುಗಿದ ಮೇಲೆ ದುಡ್ಡು ಕೊಡುತ್ತಾರೆ, ಯಾರ ಎಕ್ಸ್‌ಪೈರಿ ಮಾಲು ವಾಪಸ್ ತಗೊಳ್ಳುವುದು ಬಾಕಿಯಿದೆ, ಇದ್ಯಾವುದೂ ಲೆಡ್ಜರಿನಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಆ ಲೈನ್, ಅಂದರೆ ಆ ಅಂಗಡಿಗಳ ಸುತ್ತು, ಓಡಾಡಿದ ಸೇಲ್ಸ್‌ಮನ್ ಒಬ್ಬರ ತಲೆಯಲ್ಲಿತ್ತು. ನಮ್ಮ ಹುಡುಗ 21 ದಿನ ದಾಟಿದರೂ ದುಡ್ಡು ಬಾರದ ಬಿಲ್ ನೋಡಿ ಮಾಲು ತಡೆದ. ಹಳೇ ಗಿರಾಕಿಗಳು ಬೇರೆ ಕಡೆ ಹೋದರು. ಎರಡು ತಿಂಗಳಿಗೆ ಆ ಹಿರಿಯ ಸೇಲ್ಸ್‌ಮನ್ನೂ ಕೆಲಸ ಬಿಟ್ಟರು. “ನನ್ನನ್ನ ಒಂದು ಮಾತೂ ಕೇಳಲಿಲ್ಲ ನೀವು” ಅಂದರು. ಅದು ಇವತ್ತಿಗೂ ಚುಚ್ಚುತ್ತದೆ.

ಮೊದಲು ಆ 11 ಜನರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ. ಹಳೇ ಸರ್ವಿಸ್ ಹಾಗೇ ಮುಂದುವರಿಯುತ್ತದೆ ಅಂತ ಪತ್ರ ಕೊಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ದುಡ್ಡಿಗೆ ಐದು ವರ್ಷ ಬೇಕಲ್ವಾ, ನಾಲ್ಕು ವರ್ಷ ಆದವನಿಗೆ ಅದೇ ಚಿಂತೆ ಇರುತ್ತದೆ. ಲೈನಿನ ಮೇಲೆ ನೀವೇ ಒಂದು ಸುತ್ತು ಹೋಗಿ ಬನ್ನಿ. ಸಾಫ್ಟ್‌ವೇರ್ ಆಮೇಲೆ.

ಉತ್ತರ 2
ನಾನು ಉಡುಪಿ ಕಡೆಯವಳು, ಸಿಂಡಿಕೇಟ್ ಬ್ಯಾಂಕಿನ ಹಳೇ ಗಿರಾಕಿ. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿಗೆ ಸೇರಿತು. ಆದರೆ ಹಳೇ ಐಎಫ್‌ಎಸ್‌ಸಿ ಕೋಡ್ (ಹಣ ಕಳಿಸಲು ಬೇಕಾದ ಶಾಖೆಯ ಗುರುತು) 2021ರ ಜೂನ್ 30ರವರೆಗೂ ನಡೆಯಿತು. ಅಂದರೆ 15 ತಿಂಗಳು. ಅಷ್ಟು ದೊಡ್ಡ ಬ್ಯಾಂಕೇ ಗಿರಾಕಿಗಳಿಗೆ ಅಷ್ಟು ಸಮಯ ಕೊಟ್ಟಿತು. ನಿಮ್ಮ ಬಿಲ್ಲಿನಲ್ಲೂ ನಿಮ್ಮ ಹೆಸರಿನ ಕೆಳಗೆ ಹಳೇ ಏಜೆನ್ಸಿಯ ಹೆಸರು ಸ್ವಲ್ಪ ಕಾಲ ಇರಲಿ.

ಉತ್ತರ 3
ಜನರ ವಿಷಯದಲ್ಲಿ ನಿಧಾನ ಸರಿ, ಕಾಗದದ ಕೆಲಸದಲ್ಲಿ ಮಾತ್ರ ತಡ ಮಾಡಬೇಡಿ. ಫರ್ಮಿನ ಮಾಲೀಕತ್ವ ಬದಲಾದರೆ ಹಳೇ ಡ್ರಗ್ ಲೈಸೆನ್ಸ್ ಹೆಚ್ಚೆಂದರೆ ಮೂರು ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಹೊಸದು ಕೈಗೆ ಬರಬೇಕು. ಅವರ ಜಿಎಸ್‌ಟಿ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯ ಜಮೆ) ಉಳಿದಿದ್ದರೆ, ಅದನ್ನು ನಿಮಗೆ ವರ್ಗಾಯಿಸಲು ಅವರೇ ಐಟಿಸಿ-02 ಫಾರಂ ಹಾಕಬೇಕು, ಸಿಎ ಸರ್ಟಿಫಿಕೇಟ್ ಜೊತೆಗೆ. ನೀವು ಪೋರ್ಟಲ್‌ನಲ್ಲಿ ಒಪ್ಪಿಕೊಳ್ಳಬೇಕು. ಅವರು ತಮ್ಮ ಜಿಎಸ್‌ಟಿ ನೋಂದಣಿ ರದ್ದು ಮಾಡಿಸುವ ಮೊದಲೇ ಇದನ್ನು ಮುಗಿಸಿಕೊಳ್ಳಿ.