ಅಡಿಕೆ ಸಿಪ್ಪೆಯ ಇದ್ದಿಲು ನೀಲಿಯನ್ನು ಹೀರುತ್ತದೆ, ಕೆಂಪನ್ನು ಬಿಡುತ್ತದೆ. ಏಕೆ?

ತೋಟದಮನೆ: ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯುತ್ತದೆ, ಇಲ್ಲವೇ ಬೆಂಕಿಗೆ ಹೋಗುತ್ತದೆ. ನೋಡಿ ನೋಡಿ ಹೊಟ್ಟೆ ಉರಿದು, ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದನ್ನೇ ಹಿಡಿದಿದ್ದೇನೆ. ಸಿಪ್ಪೆಯನ್ನು ಒಣಗಿಸಿ, ಕತ್ತರಿಸಿ, ಫಾಸ್ಫಾರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಮುಚ್ಚಿದ ಮೂಸೆಯಲ್ಲಿ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆಮ್ಲ ಹೋಗುವವರೆಗೆ ತೊಳೆದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಹಾಕಿ ಕಲಕಿದರೆ ನೀರು ತಿಳಿಯಾಗುತ್ತದೆ. ಆದರೆ ಇಳಕಲ್‌ನಲ್ಲಿ ಹತ್ತಿ ನೂಲಿಗೆ ಬಣ್ಣ ಹಾಕುವವರಿಂದ ತಂದ ರಿಯಾಕ್ಟಿವ್ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ) ಕೆಂಪು ಬಣ್ಣದ ನೀರು ಇದ್ದಂತೆಯೇ ಇರುತ್ತದೆ. ಇದ್ದಿಲು ಹೆಚ್ಚಿಸಿದರೂ ಅಷ್ಟಕ್ಕಷ್ಟೇ. ನನಗೆ ಬೇಕಾಗಿರುವುದು ಆ ಕೆಂಪು ನೀರಿಗೇ ಉತ್ತರ.

ರಸಾಯನಪ್ರಿಯ: ಮೆಥಿಲೀನ್ ಬ್ಲೂ ಧನ ಆವೇಶದ ಬಣ್ಣ, ರಿಯಾಕ್ಟಿವ್ ಬಣ್ಣಗಳು ಸಲ್ಫೋನೇಟ್ ಗುಂಪುಗಳಿಂದಾಗಿ ಋಣ ಆವೇಶದವು. ಫಾಸ್ಫಾರಿಕ್ ಆಮ್ಲದಿಂದಾದ ಇದ್ದಿಲಿನ ಮೈ ಆಮ್ಲೀಯ. ಕ್ಷಾರದ ನೀರಿನಲ್ಲಿ ಅದೂ ಋಣ ಆವೇಶ ಪಡೆದು ಕೆಂಪನ್ನು ದೂರ ತಳ್ಳುತ್ತದೆ. ಆ ನೀರಿನ ಪಿಎಚ್ ನೋಡಿದ್ದೀರಾ?

ತೋಟದಮನೆ: ಈಗಷ್ಟೇ ನೋಡಿದೆ ಸರ್, 11ರ ಹತ್ತಿರ ಇದೆ.

ರಸಾಯನಪ್ರಿಯ: ಬಣ್ಣ ಹಿಡಿಯಲೆಂದು ಹಾಕಿದ ಸೋಡಾ ಅದು. ಸಾರರಿಕ್ತ ಆಮ್ಲವನ್ನು ಹನಿಹನಿಯಾಗಿ ಬೆರೆಸಿ 3ರ ಆಸುಪಾಸಿಗೆ ಇಳಿಸಿ, ಮತ್ತೆ ಕಲಕಿ. ಇದ್ದಿಲು ಹಾಕದ ನೀರಿನ ಪಿಎಚ್ಚನ್ನೂ ಅಷ್ಟಕ್ಕೇ ಇಳಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಬಣ್ಣ ಇಳಿದದ್ದು ಇದ್ದಿಲಿನಿಂದಲೋ ಆಮ್ಲದಿಂದಲೋ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಶೋಧಕ ಕಾಗದವೂ ಬಣ್ಣ ಹೀರುತ್ತದೆ, ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಇದ್ದಿಲನ್ನು ತಳಕ್ಕಿಳಿಸಿ) ಅಳೆಯಿರಿ.

ಹಳೆಯ ಆಪರೇಟರ್: ತಂಗಿ, ಬಟ್ಟೆ ಗಿರಣಿಯ ಕೊಳಚೆ ನೀರಿನ ಘಟಕದಲ್ಲಿ ದುಡಿದವನು ನಾನು. ಕೆಂಪು ಇಳಿದರೂ ನೀರು ಶುದ್ಧವಾಯಿತು ಎಂದು ವರದಿಯಲ್ಲಿ ಬರೆಯಬೇಡ. ಬಣ್ಣ ಹಾಕುವಾಗ ಸುರಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಇದ್ದಿಲು ಅದನ್ನು ಹಿಡಿಯುವುದಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುತ್ತದೆಂದು ಯಾರಾದರೂ ಹೊಲಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು ಮೊದಲಾದವುಗಳ ಒಟ್ಟು ಪ್ರಮಾಣ) ಅನ್ನು ಮೊದಲೂ ಕೊನೆಗೂ ಅಳೆದು ಬಣ್ಣದ ಅಂಕಿಗಳ ಪಕ್ಕದಲ್ಲೇ ಹಾಕು. ಬಣ್ಣ ಕುಡಿದ ಇದ್ದಿಲನ್ನೂ ತಿಪ್ಪೆಗೆ ಎಸೆಯಬೇಡ, ಮಳೆ ಬಿದ್ದರೆ ಬಣ್ಣ ಮತ್ತೆ ಹೊರಬರಬಹುದು.

ತೋಟದಮನೆ: ಟಿಡಿಎಸ್ ಮಾಪಕ ನಮ್ಮ ಲ್ಯಾಬಿನಲ್ಲೇ ಇದೆ ಅಣ್ಣ, ಸೋಮವಾರ ಎರಡನ್ನೂ ಅಳೆದು ಇಲ್ಲೇ ಹಾಕುತ್ತೇನೆ. ಬಣ್ಣ ಹಾಕುವವರಿಗೂ ಉಪ್ಪಿನ ವಿಷಯ ಹೇಳಲೇಬೇಕು, ಅವರ ನೀರು ಹೋಗುವುದು ಪಕ್ಕದ ಹೊಲದ ಕಡೆಗೇ.